ಅಬ್ಬನ ಪದ್ಮಿನಿ ಮತ್ತು ಬಿಸಿಯಾದಾಗ ಮಾಯವಾಗುತ್ತಿದ್ದ ಕಿಡಿ

ದ್ವಿತೀಯ ಪಿಯುಸಿಯಲ್ಲಿ ಕೆಪಾಸಿಟರ್ ಪಾಠ ಮಾಡುವಾಗ ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ: "ಮಿಸ್, ಇದು ನಿಜವಾಗಿ ಎಲ್ಲಿ ಉಪಯೋಗಕ್ಕೆ ಬರುತ್ತೆ?" ಫ್ಯಾನು, ಪಂಪಿನ ಮೋಟಾರು, ಮೊಬೈಲ್ ಚಾರ್ಜರ್ ಎಂದು ನಾಲ್ಕು ಹೆಸರು ಹೇಳಿ ಮುಂದಿನ ಲೆಕ್ಕಕ್ಕೆ ಹೋಗುವುದು ನನ್ನ ರೂಢಿ. ಹೋದ ವರ್ಷ ಆ ಪ್ರಶ್ನೆಗೆ ಸರಿಯಾದ ಉತ್ತರ ನಮ್ಮ ಮನೆಯ ಅಂಗಳದಲ್ಲೇ ನಿಂತಿತ್ತು. ಅದನ್ನು ಕಂಡುಹಿಡಿಯಲು ನನಗೆ ಎಂಟು ತಿಂಗಳು ಬೇಕಾಯಿತು. ಈ ಸಲದ ಸಂಚಿಕೆಗೆ ಲೇಖನ ಕೇಳಿದ ವಿದ್ಯಾರ್ಥಿಗಳಿಗೆ ಆ ಕಥೆಯನ್ನೇ ಬರೆದುಕೊಡುತ್ತಿದ್ದೇನೆ. ಇದರಲ್ಲಿ ನನಗೆ ಹೆಮ್ಮೆ ತರುವ ಭಾಗ ಕಡಿಮೆ ಎಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಅಬ್ಬನ ಬಳಿ 1986ರ ಪ್ರೀಮಿಯರ್ ಪದ್ಮಿನಿ ಇದೆ. ಇಟಲಿಯ ಫಿಯಟ್ 1100 ಕಾರನ್ನೇ ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಇಲ್ಲಿ ತಯಾರಿಸುತ್ತಿದ್ದರು. ಹಾಗಾಗಿ ನಮ್ಮ ಹಿರಿಯರಿಗೆ ಅದು ಕೊನೆಯವರೆಗೂ 'ಫಿಯಟ್' ಆಗಿಯೇ ಉಳಿಯಿತು. 1089 ಸಿಸಿ ಇಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರಿನ ಕಡ್ಡಿ. ಕಂಪ್ಯೂಟರ್, ಸೆನ್ಸರ್ ಯಾವುದೂ ಇಲ್ಲ. ಬಾನೆಟ್ ಎತ್ತಿದರೆ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಬಹುಪಾಲು ಕೈಗೂ ಸಿಗುತ್ತದೆ. ನಾನು ಭೌತಶಾಸ್ತ್ರ ಓದಲು ಆ ಬಾನೆಟ್ಟೇ ಕಾರಣ. ಚಿಕ್ಕವಳಿದ್ದಾಗ ಅಬ್ಬ ಕಾರನ್ನು ಉಸ್ತಾದರ ಗ್ಯಾರೇಜಿಗೆ ಒಯ್ದರೆ ನಾನೂ ಹೋಗುತ್ತಿದ್ದೆ. ಟಾರ್ಚ್ ಹಿಡಿಯುವುದು ನನ್ನ ಕೆಲಸ. ಬೆಳಕು ಸರಿದರೆ ಉಸ್ತಾದರು "ಬೇಟಿ, ನಿನ್ನ ಕಣ್ಣು ಎಲ್ಲಿದೆಯೋ ಅಲ್ಲಿಗೇ ಟಾರ್ಚು ಹೋಗುತ್ತೆ, ಕಣ್ಣನ್ನ ಕೆಲಸದ ಮೇಲಿಡು" ಎನ್ನುತ್ತಿದ್ದರು. ಅಬ್ಬನಿಗೂ ಅವರಿಗೂ ಮೂವತ್ತು ವರ್ಷದ ಪರಿಚಯ. ನನಗೆ ಅವರು ಚಾಚಾ.

ತೊಂದರೆ ಶುರುವಾದದ್ದು ಹೀಗೆ. ಬೆಳಿಗ್ಗೆ ಚಾವಿ ತಿರುಗಿಸಿದರೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್. ಓಡುವಾಗಲೂ ಏನೂ ದೂರಿಲ್ಲ. ಆದರೆ ದೂರ ಓಡಿಸಿ ಎಲ್ಲಾದರೂ ನಿಲ್ಲಿಸಿ, ಚಹಾ ಕುಡಿದು ಬಂದು ಮತ್ತೆ ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಪ್ರತಿ ಸಲವೂ ಹೀಗಲ್ಲ, ಐದರಲ್ಲಿ ಎರಡು ಸಲ. ಮುಕ್ಕಾಲು ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ.

ಮೊದಲ ಸಲ ಹೀಗಾದಾಗ ಉಸ್ತಾದರು ಪೇಟೆಯ ಅಂಚಿನವರೆಗೆ ಬಂದು ನಾಲ್ಕೂ ಪ್ಲಗ್ ಬದಲಿಸಿದರು. ಕಾರು ಸ್ಟಾರ್ಟ್ ಆಯಿತು. ಎರಡು ವಾರ ಬಿಟ್ಟು ಮತ್ತೆ ನಿಂತಿತು. ಈ ಸಲ ಇಗ್ನಿಷನ್ ಕಾಯಿಲ್ ಬದಲಾಯಿತು. ಸ್ಟಾರ್ಟ್ ಆಯಿತು. ತಿಂಗಳ ಮೇಲೆ ಇನ್ನೊಮ್ಮೆ. ಪಾಯಿಂಟ್ ಸುಟ್ಟಿತ್ತು, ಹೊಸದು ಹಾಕಿದರು. ಸ್ಟಾರ್ಟ್ ಆಯಿತು. ನಾಲ್ಕು ತಿಂಗಳೊಳಗೆ ಆ ಹೊಸ ಪಾಯಿಂಟೂ ಸುಟ್ಟಿತು. ಪ್ರತಿ ಸಲ ದುಡ್ಡು ಕೊಟ್ಟದ್ದು ಅಬ್ಬ. ಪ್ರತಿ ಸಲ "ಇನ್ನೇನೂ ತೊಂದರೆ ಇಲ್ಲ" ಎಂದದ್ದು ಉಸ್ತಾದರು. ಕೊನೆಗೊಂದು ದಿನ ಗ್ಯಾರೇಜಿನ ಎದುರೇ, ಹುಡುಗರ ಮುಂದೆ, ಅಬ್ಬ ಅವರನ್ನು ಮೋಸಗಾರ ಎಂದರು. ಉಸ್ತಾದರು ಕೈ ಒರೆಸಿಕೊಂಡು ಒಳಗೆ ಹೋದರು. ಅಲ್ಲಿಂದಾಚೆ ಒಬ್ಬರ ಮನೆಯ ನಿಖಾಕ್ಕೆ ಇನ್ನೊಬ್ಬರು ಹೋಗಲಿಲ್ಲ.

ಆಮೇಲೆ ಮಳೆಗಾಲದಲ್ಲಿ ಅಬ್ಬನ ಕಣ್ಣಿನ ಚಿಕಿತ್ಸೆಗೆ ಶಿವಮೊಗ್ಗದಿಂದ ಮಣಿಪಾಲಕ್ಕೆ ಹೋಗಿದ್ದೆವು. ಓಡಿಸಿದ್ದು ನಾನು. ವಾಪಸ್ ಬರುವಾಗ ಸೋಮೇಶ್ವರದಿಂದ ಆಗುಂಬೆ ಘಾಟಿಯ ಅಷ್ಟೂ ತಿರುವು ಸೆಕೆಂಡ್ ಗೇರಿನಲ್ಲಿ ಹತ್ತಿ, ಮೇಲೆ ಬಂದು ಹತ್ತು ನಿಮಿಷ ನಿಲ್ಲಿಸಿದೆ. ಅಷ್ಟೇ. ಕಾರು ಮತ್ತೆ ಹೊತ್ತಿಕೊಳ್ಳಲಿಲ್ಲ. ಮಂಜು, ಮಳೆ, ಕತ್ತಲಾಗುತ್ತಿದ್ದ ಹೊತ್ತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಬ್ಬ ಮುಂದಿನ ಸೀಟಿನಲ್ಲಿ ಸುಮ್ಮನೆ ಕೂತಿದ್ದರು. ಐವತ್ತು ನಿಮಿಷ ಕಳೆದ ಮೇಲೆ, ನಾನು ಏನನ್ನೂ ಮುಟ್ಟದೆ, ಕಾರು ತಾನಾಗಿ ಸ್ಟಾರ್ಟ್ ಆಯಿತು.

ಆ ಐವತ್ತು ನಿಮಿಷದಲ್ಲಿ ನನಗೆ ಹೊಳೆದದ್ದು ಒಂದೇ ವಿಷಯ. ಪ್ಲಗ್ ಬದಲಿಸಲು ಉಸ್ತಾದರು ಪೇಟೆಯಿಂದ ಬರುವಷ್ಟರಲ್ಲಿ ಎಷ್ಟು ಹೊತ್ತಾಗಿರುತ್ತಿತ್ತು? ಕಾಯಿಲ್ ತರಿಸಿ ಹಾಕುವಷ್ಟರಲ್ಲಿ? ಕಡಿಮೆಯೆಂದರೂ ಒಂದು ಗಂಟೆ. ಅಂದರೆ ಪ್ಲಗ್, ಕಾಯಿಲ್, ಪಾಯಿಂಟ್ ಯಾವುದೂ ಕಾರನ್ನು ಸರಿ ಮಾಡಿರಲಿಲ್ಲ. ಇಂಜಿನ್ ತಣ್ಣಗಾಗಿತ್ತು, ಅಷ್ಟೇ. ಉಸ್ತಾದರ ಬದಲು ಯಾರಾದರೂ ಬಂದು ಕಾರಿನ ಟೈರ್ ಬದಲಿಸಿದ್ದರೂ ಅದು ಸ್ಟಾರ್ಟ್ ಆಗುತ್ತಿತ್ತು! ಹಾಗಿದ್ದರೆ ಅಲ್ಲಿ ಮೋಸ ಎಲ್ಲಿಂದ ಬಂತು? ರಿಪೇರಿ ಫಲ ಕೊಟ್ಟಿತು ಎಂದು ಉಸ್ತಾದರೂ ಪ್ರಾಮಾಣಿಕವಾಗಿಯೇ ನಂಬಿದ್ದರು.

ಅಬ್ಬನಿಗೆ ಅವತ್ತೇ ಹೇಳಲಿಲ್ಲ. ಬರಿಯ ಊಹೆ ಹೇಳಿದರೆ ಅವರು ಕೇಳುವವರಲ್ಲ. ಮನೆಗೆ ಬಂದವಳೇ ಒಂದು ನೋಟ್‌ಬುಕ್ ತೆಗೆದು, ನಿಮ್ಮ ಪ್ರಾಕ್ಟಿಕಲ್ ರೆಕಾರ್ಡಿನಂತೆ ಗೆರೆ ಹಾಕಿದೆ: ಎಷ್ಟು ದೂರ ಓಡಿತು, ಎಷ್ಟು ನಿಮಿಷ ನಿಂತಿತು, ಸ್ಟಾರ್ಟ್ ಆಯಿತೇ ಇಲ್ಲವೇ. ಒಂದು ತಿಂಗಳಲ್ಲಿ 22 ಸಾಲು ತುಂಬಿದವು. ನಿಲ್ಲಿಸಿ ಎರಡು ನಿಮಿಷದೊಳಗೆ ಸೆಲ್ಫ್ ಹೊಡೆದಾಗ ಒಮ್ಮೆಯೂ ತೊಂದರೆ ಬಂದಿರಲಿಲ್ಲ. ಒಂದು ಗಂಟೆ ಬಿಟ್ಟಾಗಲೂ ಇಲ್ಲ. ತೊಂದರೆಯೆಲ್ಲ ಹತ್ತರಿಂದ ನಲವತ್ತು ನಿಮಿಷದ ನಡುವೆ. ಅದೂ ಊರೊಳಗೆ ಸುತ್ತಾಡಿದ ದಿನ ಅಲ್ಲ, ದೂರ ಓಡಿಸಿದ ದಿನ ಮಾತ್ರ. 'ಯಾವಾಗ ಬರುತ್ತೋ ಹೇಳಕ್ಕಾಗಲ್ಲ' ಎಂದು ನಾವೆಲ್ಲ ಹೇಳುತ್ತಿದ್ದ ರೋಗ ಗಡಿಯಾರ ನೋಡಿಕೊಂಡು ಬರುತ್ತಿತ್ತು.

ಯಾಕೆ ಹತ್ತು ನಿಮಿಷ? ಇಂಜಿನ್ ನಿಲ್ಲಿಸಿದರೆ ಅದು ಕೂಡಲೇ ತಣ್ಣಗಾಗತೊಡಗುತ್ತದೆ ಎಂದುಕೊಳ್ಳುತ್ತೇವೆ. ಬಾನೆಟ್ ಕೆಳಗಿನ ಬಿಡಿಭಾಗಗಳ ಮಟ್ಟಿಗೆ ಅದು ಉಲ್ಟಾ. ಈ ಕಾರಿನಲ್ಲಿ ರೇಡಿಯೇಟರ್ ಫ್ಯಾನೂ ನೀರಿನ ಪಂಪೂ ಇಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತವೆ. ಇಂಜಿನ್ ನಿಂತರೆ ಅವೂ ನಿಂತವು, ಎದುರುಗಾಳಿಯೂ ನಿಂತಿತು. ಆದರೆ ಕಾದ ಕಬ್ಬಿಣದಲ್ಲಿ ಅಷ್ಟೂ ಶಾಖ ಉಳಿದಿದೆ. ಅದು ಮೆಲ್ಲಗೆ ಸುತ್ತಲಿನ ಕಾರ್ಬುರೇಟರ್, ಪೆಟ್ರೋಲ್ ಪಂಪ್, ಕಾಯಿಲ್, ಡಿಸ್ಟ್ರಿಬ್ಯೂಟರ್‌ಗಳಿಗೆ ಹರಿಯುತ್ತದೆ. ಒಲೆ ಆರಿಸಿದ ಮೇಲೂ ತವಾದ ಹಿಡಿ ಬಿಸಿಯಾಗುತ್ತಾ ಹೋಗುವುದಿಲ್ಲವೇ, ಹಾಗೆ. ಓಡುತ್ತಿದ್ದಾಗ ಇದ್ದುದಕ್ಕಿಂತ ಹೆಚ್ಚು ಬಿಸಿ ಈ ಭಾಗಗಳಿಗೆ ತಾಗುವುದು ನಿಂತ ಮೇಲೆಯೇ.

ಬಿಸಿಯಾದಾಗ ಸ್ಟಾರ್ಟ್ ಆಗದಿದ್ದರೆ ಅನುಮಾನ ಎರಡೇ: ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಕಿಡಿ ಬರುತ್ತಿಲ್ಲ. ಹಳೆಯ ಡ್ರೈವರುಗಳೆಲ್ಲ ಮೊದಲು ಹೇಳುವುದು ಪೆಟ್ರೋಲ್. ಅದರಲ್ಲಿ ನ್ಯಾಯವೂ ಇದೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಪಂಪಿನಲ್ಲಿ ಆವಿ ತುಂಬಿಕೊಂಡರೆ ಅದು ಪೆಟ್ರೋಲನ್ನು ಎಳೆಯಲಾರದು. ಅಬ್ಬನೂ ಒದ್ದೆ ಬಟ್ಟೆ ತಂದು ಪಂಪಿನ ಮೇಲೆ ಹಾಕುತ್ತಿದ್ದರು, ಕಾಲು ಗಂಟೆ ಕಾಯುತ್ತಿದ್ದರು, ಕಾರು ಸ್ಟಾರ್ಟ್ ಆಗುತ್ತಿತ್ತು. ಬಟ್ಟೆ ಕೆಲಸ ಮಾಡಿತೋ ಕಾಲು ಗಂಟೆ ಕೆಲಸ ಮಾಡಿತೋ ಎಂದು ಯಾರೂ ಕೇಳಲಿಲ್ಲ.

ಇದನ್ನು ಬೇರ್ಪಡಿಸಬೇಕಾದರೆ ತೊಂದರೆ ಇರುವ ಹೊತ್ತಿನಲ್ಲೇ ಪರೀಕ್ಷಿಸಬೇಕು. ಕಾರು ಸರಿಯಿರುವಾಗ ಎಷ್ಟು ಅಳೆದರೂ ಸರಿಯಿದೆ ಎಂಬ ಉತ್ತರವೇ ಬರುತ್ತದೆ. ಸಿಗುವುದು ಅರ್ಧ ಗಂಟೆ, ಆಮೇಲೆ ಸಾಕ್ಷಿ ಮಾಯ. ಹಾಗಾಗಿ ಯಾವ ಪರೀಕ್ಷೆ ಮೊದಲು, ಯಾವುದು ಆಮೇಲೆ ಎಂದು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಒಂದು ಭಾನುವಾರ ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆವರೆಗೆ ಹೋಗಿ ಬಂದೆ. ಸುಮಾರು 60 ಕಿಲೋಮೀಟರ್. ಪಕ್ಷಿಧಾಮದ ಹತ್ತಿರ ಇಳಿಯುವ ಆಸೆಯಾಯಿತು, ಆದರೆ ಕೆಟ್ಟು ನಿಲ್ಲಬೇಕಾದದ್ದು ಅಲ್ಲಿ ಅಲ್ಲವಲ್ಲ! ನೇರ ಮನೆಯ ಅಂಗಳಕ್ಕೆ ತಂದು ನಿಲ್ಲಿಸಿ ಹದಿನೈದು ನಿಮಿಷ ಕಾದೆ. ಸೆಲ್ಫ್ ಹೊಡೆದೆ. ಹೊತ್ತಿಕೊಳ್ಳಲಿಲ್ಲ. ಕಾರು ಕೆಟ್ಟಿದ್ದಕ್ಕೆ ಅಷ್ಟು ಖುಷಿಪಟ್ಟವರು ನನ್ನಂತೆ ಬೇರೆ ಯಾರೂ ಇರಲಿಕ್ಕಿಲ್ಲ.

ಮೊದಲು ಪೆಟ್ರೋಲ್. ಏರ್ ಕ್ಲೀನರ್ ತೆಗೆದು ಕಾರ್ಬುರೇಟರಿನ ಬಾಯೊಳಗೆ ನೋಡುತ್ತಾ ಆಕ್ಸಿಲರೇಟರಿನ ಕೊಂಡಿಯನ್ನು ಕೈಯಿಂದ ಎಳೆದೆ. ಸಣ್ಣ ಧಾರೆಯಾಗಿ ಪೆಟ್ರೋಲ್ ಚಿಮ್ಮಿತು. ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಇದೆ. ಏರ್ ಕ್ಲೀನರನ್ನು ಮತ್ತೆ ಕೂರಿಸಿ, ಪೆಟ್ರೋಲ್ ವಾಸನೆ ಹೋಗುವವರೆಗೆ ಕಾದು, ಎರಡನೆಯದು ಕಿಡಿ. ಒಂದು ಬೇರೆ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಲೋಹದ ಮೈ ಇಂಜಿನ್ನಿಗೆ ಭದ್ರವಾಗಿ ತಾಗುವಂತೆ, ಕಾರ್ಬುರೇಟರಿನಿಂದ ದೂರ ಇಟ್ಟೆ. ತಮ್ಮ ಸೆಲ್ಫ್ ಹೊಡೆದ. ಬೆಳಿಗ್ಗೆ ಇದೇ ಪರೀಕ್ಷೆಯಲ್ಲಿ ನೀಲಿ ಕಿಡಿ ಚಟಚಟ ಎಂದು ಸದ್ದು ಮಾಡುತ್ತಾ ಹಾರಿತ್ತು. ಈಗ ಕೆಂಪು ಹಳದಿಯ ತೆಳು ಎಳೆ, ಒಮ್ಮೊಮ್ಮೆ ಅದೂ ಇಲ್ಲ. (ನೀವು ಮನೆಯಲ್ಲಿ ಮಾಡುವುದಾದರೆ ಹಿರಿಯರು ಜೊತೆಗಿರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ, ವೈರನ್ನು ಬರಿಗೈಯಲ್ಲಿ ಹಿಡಿಯಬೇಡಿ. ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಪೆಟ್ರೋಲ್ ಆವಿಯ ಹತ್ತಿರ ಕಿಡಿ ಹಾರಿಸುವ ಧೈರ್ಯವಂತೂ ಯಾರಿಗೂ ಬೇಡ.)

ಪೆಟ್ರೋಲ್ ನಿರಪರಾಧಿ. ಕಿಡಿಯೇ ದುರ್ಬಲ. ಇನ್ನು ನಿಮ್ಮ ಪಠ್ಯಪುಸ್ತಕಕ್ಕೆ ಬರೋಣ.

12 ವೋಲ್ಟಿನ ಬ್ಯಾಟರಿಯಿಂದ ಸಾವಿರಾರು ವೋಲ್ಟ್ ಹುಟ್ಟುವುದು ಹೇಗೆ? 1831ರಲ್ಲಿ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯಿಂದ. ಅದನ್ನು ಕಾರಿಗೆ ಹೊಂದುವಂತೆ ರೂಪಿಸಿದವರಲ್ಲಿ ಮುಖ್ಯ ಹೆಸರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1910ರ ಕ್ಯಾಡಿಲಾಕ್ ಕಾರುಗಳಿಗೆ ಅವರ ಇಗ್ನಿಷನ್ ವ್ಯವಸ್ಥೆ ಬಂತು. ಅದೇ ತತ್ವದ ಮೇಲೆ ನಮ್ಮ ಪದ್ಮಿನಿಯೂ ಓಡುತ್ತದೆ. ಕಾಯಿಲ್ ಒಳಗೆ ಒಂದೇ ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿಗಳಿವೆ. ದಪ್ಪ ತಂತಿಯ ಕೆಲವು ನೂರು ಸುತ್ತಿನದು ಪ್ರೈಮರಿ, ಕೂದಲಿನಂಥ ತಂತಿಯ ಸಾವಿರಾರು ಸುತ್ತಿನದು ಸೆಕೆಂಡರಿ. ಬ್ಯಾಟರಿಯ ಕರೆಂಟ್ ಪ್ರೈಮರಿಯಲ್ಲಿ ಹರಿದು, ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಎಂಬ ಪುಟ್ಟ ಸ್ವಿಚ್ಚಿನ ಮೂಲಕ ಅರ್ತ್ ಸೇರುತ್ತದೆ. ಇಂಜಿನ್ ತಿರುಗಿದಂತೆ ಆ ಸ್ವಿಚ್ಚು ಮುಚ್ಚಿ ತೆರೆಯುತ್ತದೆ. ತೆರೆದ ಕ್ಷಣದಲ್ಲಿ ಪ್ರೈಮರಿಯ ಕರೆಂಟ್ ನಿಂತು, ಕಾಂತಕ್ಷೇತ್ರ ಕುಸಿದು, ಸೆಕೆಂಡರಿಯಲ್ಲಿ ಭಾರಿ ವೋಲ್ಟೇಜ್ ಹುಟ್ಟಿ, ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಇಂಜಿನ್ನಿಗೆ ಸೆಕೆಂಡಿಗೆ ನೂರು ಕಿಡಿ ಬೇಕು. ಲೆಕ್ಕ ನೀವೇ ಮಾಡಿ ನೋಡಿ.

ಕಾಯಿಲ್ ಮೇಲೆ ನನಗೂ ಅನುಮಾನವಿತ್ತು. ತಣ್ಣಗಿದ್ದಾಗ, 29 ಡಿಗ್ರಿಯಲ್ಲಿ, ಪ್ರೈಮರಿಯ ರೆಸಿಸ್ಟೆನ್ಸ್ 3.1 ಓಮ್ ಇತ್ತು. ಸ್ಟಾರ್ಟ್ ಆಗದ ಹೊತ್ತಿನಲ್ಲಿ 3.8 ಓಮ್. ನೋಡಿದ ಕೂಡಲೇ 'ಸಿಕ್ಕಿತು' ಅನ್ನಿಸಿತು. ಸಿಕ್ಕಿರಲಿಲ್ಲ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು 0.0039ರಷ್ಟು ಪಾಲು ಹೆಚ್ಚುತ್ತದೆ. 3.1 ಇದ್ದದ್ದು 3.8 ಆಗಲು ಸುಮಾರು 58 ಡಿಗ್ರಿ ಬಿಸಿಯೇರಿದರೆ ಸಾಕು. ಅಂದರೆ ಕಾಯಿಲ್ ಕೆಟ್ಟಿದೆ ಎಂದು ಆ ಅಂಕಿ ಹೇಳುತ್ತಿರಲಿಲ್ಲ. ತಾನು 87 ಡಿಗ್ರಿಯಲ್ಲಿದ್ದೇನೆ ಎಂದು ಹೇಳುತ್ತಿತ್ತು. ಬಾನೆಟ್ ಕೆಳಗೆ ಪುಕ್ಕಟೆ ಥರ್ಮಾಮೀಟರ್ ಒಂದು ಸಿಕ್ಕಂತಾಯಿತು.

ಆದರೂ ಆ ಅಂಕಿಯಿಂದ ಇನ್ನೊಂದು ಉತ್ತರ ಸಿಕ್ಕಿತು. ಬಿಸಿಯಾದಾಗ ಸ್ಟಾರ್ಟ್ ಮಾಡುವುದೇ ಯಾಕೆ ಕಷ್ಟ, ಓಡುವಾಗ ಯಾಕೆ ಅಲ್ಲ? ಸೆಲ್ಫ್ ಮೋಟಾರು ಬ್ಯಾಟರಿಯನ್ನು ಹಿಂಡಿಬಿಡುತ್ತದೆ. ಆಗ ಕಾಯಿಲ್ ಟರ್ಮಿನಲ್‌ನಲ್ಲಿ ನಾನು ಅಳೆದದ್ದು 9.6 ವೋಲ್ಟ್ ಮಾತ್ರ. 9.6ನ್ನು 3.8ರಿಂದ ಭಾಗಿಸಿದರೆ 2.5 ಆಂಪಿಯರ್. ತಣ್ಣಗಿನ ಕಾಯಿಲ್‌ಗೆ ಪೂರ್ತಿ 12 ವೋಲ್ಟ್ ಸಿಕ್ಕಿದ್ದರೆ 3.9 ಆಂಪಿಯರ್ ಹರಿಯುತ್ತಿತ್ತು. ಕಾಂತಕ್ಷೇತ್ರದಲ್ಲಿ ಕೂಡುವ ಶಕ್ತಿ ಕರೆಂಟಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಹಾಗಾಗಿ ಉಳಿಯುವುದು ಸುಮಾರು ನೂರಕ್ಕೆ 43 ಪಾಲು. ಅದೇ ಇಂಜಿನ್ ಒಮ್ಮೆ ಹೊತ್ತಿಕೊಂಡು ಚಾರ್ಜಿಂಗ್ 14 ವೋಲ್ಟಿಗೆ ಏರಿದರೆ, ಕಾಯಿಲ್ ಅಷ್ಟೇ ಬಿಸಿ ಇದ್ದರೂ ನೂರಕ್ಕೆ 90ರಷ್ಟು ಸಿಗುತ್ತದೆ. (ವೇಗ ಹೆಚ್ಚಿದಾಗ ಕರೆಂಟ್ ಪೂರ್ತಿ ಏರಲು ಸಮಯ ಸಾಲುವುದಿಲ್ಲ, ಆ ಲೆಕ್ಕವನ್ನು ಇಲ್ಲಿ ಬಿಟ್ಟಿದ್ದೇನೆ.) ಸರಿಯಾಗಿರುವ ವ್ಯವಸ್ಥೆಗೆ 43 ಪಾಲೂ ಸಾಕು. ಫಿಯಟ್ ಕಾರುಗಳು ದಶಕಗಟ್ಟಲೆ ಬಿಸಿಲಿನಲ್ಲಿ ಸ್ಟಾರ್ಟ್ ಆಗಿವೆ. ಆದರೆ ಎಲ್ಲೋ ಇನ್ನೊಂದು ಸಣ್ಣ ಕೊರತೆ ಇದ್ದರೆ ಅದು ಮೊದಲು ಬಯಲಾಗುವುದು ಬಿಸಿ ಸ್ಟಾರ್ಟಿನಲ್ಲೇ.

ಕಾಯಿಲ್ ಬಗ್ಗೆ ಇನ್ನೊಂದು ಎಚ್ಚರಿಕೆ. ಸೆಕೆಂಡರಿಯ ಇನ್ಸುಲೇಷನ್ ಬಿಸಿಗೆ ಒಡೆದು ಒಳಗೊಳಗೇ ಕಿಡಿ ಹಾರುತ್ತಿದ್ದರೆ ಮಲ್ಟಿಮೀಟರ್ ಅದನ್ನು ಕಾಣಲಾರದು. ಮೀಟರ್ ಹಾಕುವುದು ಕೆಲವೇ ವೋಲ್ಟ್, ಕಾಯಿಲ್ ಒಳಗೆ ಇರುವುದು ಸಾವಿರಗಟ್ಟಲೆ. ಆದ್ದರಿಂದ ಓಮ್ ಲೆಕ್ಕ ಸರಿ ಬಂದಿತೆಂದು ಕಾಯಿಲ್ಲನ್ನು ಬಿಟ್ಟುಬಿಡುವಂತಿಲ್ಲ. ಬಿಸಿ ಮಾಡಿ, ಕೆಲಸ ಮಾಡಿಸಿ ನೋಡಬೇಕು.

ಅದಕ್ಕೇ ಅಮ್ಮಿಯ ಹೇರ್ ಡ್ರೈಯರ್ ಅಂಗಳಕ್ಕೆ ಬಂತು. ಇಷ್ಟು ದಿನ ಬಿಸಿ ಕಾರನ್ನು ತಣ್ಣಗೆ ಮಾಡಿ ನೋಡುತ್ತಿದ್ದೆವು. ಆಗ ಎಲ್ಲ ಭಾಗಗಳೂ ಒಟ್ಟಿಗೇ ತಣ್ಣಗಾಗುತ್ತವೆ, ಯಾರ ತಪ್ಪೆಂದು ತಿಳಿಯುವುದಿಲ್ಲ. ತಣ್ಣಗಿರುವ ಕಾರಿನಲ್ಲಿ ಒಂದೇ ಒಂದು ಭಾಗವನ್ನು ಬಿಸಿ ಮಾಡಿದರೆ? ಬೆಳಿಗ್ಗೆ ಕಾಯಿಲ್ಲಿಗೆ ಮಾತ್ರ ಬಿಸಿಗಾಳಿ ಹಿಡಿದೆ. ನಡುನಡುವೆ ವೈರ್ ಬಿಚ್ಚಿ ಅಳೆಯುತ್ತಾ, 3.8 ಓಮ್ ಬರುವವರೆಗೆ. ಸೆಲ್ಫ್ ಹೊಡೆದ ಕೂಡಲೇ ಇಂಜಿನ್ ಹೊತ್ತಿಕೊಂಡಿತು. ಕಾಯಿಲ್ ಬಿಡುಗಡೆ.

ಮರುದಿನ ಡಿಸ್ಟ್ರಿಬ್ಯೂಟರ್. ಮೊದಲ ಯತ್ನದಲ್ಲಿ ಏನೂ ಆಗಲಿಲ್ಲ, ಇಂಜಿನ್ನಿನ ತಣ್ಣನೆ ಕಬ್ಬಿಣ ಬಿಸಿಯನ್ನೆಲ್ಲ ಹೀರಿಕೊಂಡಿತು. ರಟ್ಟು ಕತ್ತರಿಸಿ ಸುತ್ತ ಗೋಡೆ ಕಟ್ಟಿ, ಇಪ್ಪತ್ತು ನಿಮಿಷ ಗಾಳಿ ಹಿಡಿದ ಮೇಲೆ ಸೆಲ್ಫ್ ಹೊಡೆದರೆ ಇಂಜಿನ್ ಬರಿದೇ ತಿರುಗಿತು. ಆಗುಂಬೆಯಲ್ಲಿ ಕೇಳಿದ ಅದೇ ಸದ್ದು, ಬೆಳಿಗ್ಗೆ ಏಳು ಗಂಟೆಗೆ, ತಣ್ಣಗಿರುವ ಇಂಜಿನ್ನಿನಲ್ಲಿ. ಮುಚ್ಚಳ ತೆಗೆದು ಮತ್ತೆ ತಿರುಗಿಸಿ ನೋಡಿದೆ. ಪಾಯಿಂಟ್ ತೆರೆಯುವಾಗಲೆಲ್ಲ ಅಲ್ಲೇ ದಪ್ಪ ಕಿಡಿ ಹಾರುತ್ತಿತ್ತು. ಪ್ಲಗ್ಗಿಗೆ ಹೋಗಬೇಕಾದ ಶಕ್ತಿ ದಾರಿಯಲ್ಲೇ ಉರಿದುಹೋಗುತ್ತಿತ್ತು.

ಇಲ್ಲೇ ಕೆಪಾಸಿಟರ್ ಬರುವುದು. ಗ್ಯಾರೇಜಿನಲ್ಲಿ ಅದಕ್ಕೆ ಕಂಡೆನ್ಸರ್ ಎನ್ನುತ್ತಾರೆ. ಹೆಬ್ಬೆರಳಿನ ತುದಿಯಷ್ಟು ದೊಡ್ಡ ಲೋಹದ ಡಬ್ಬಿ, ಒಂದು ವೈರು, ಸುಮಾರು 0.2 ಮೈಕ್ರೊಫ್ಯಾರಡ್. ಪಾಯಿಂಟ್ ತೆರೆದಾಗ ಪ್ರೈಮರಿಯ ಕರೆಂಟ್ ಸುಲಭಕ್ಕೆ ನಿಲ್ಲುವುದಿಲ್ಲ, ಅದು ಲೆನ್ಸ್ ನಿಯಮ. ಪಾಯಿಂಟ್ ಇನ್ನೂ ಕೂದಲೆಳೆಯಷ್ಟೇ ತೆರೆದಿರುವಾಗ ಪ್ರೈಮರಿಯಲ್ಲೇ ನೂರಾರು ವೋಲ್ಟ್ ಎದ್ದು ಆ ಸಂದಿನಲ್ಲಿ ಕಿಡಿಯಾಗಿ ಹಾರಿ, ಕರೆಂಟ್ ಹರಿಯುತ್ತಲೇ ಇರುತ್ತದೆ. ಆಗ ಕಾಂತಕ್ಷೇತ್ರ ನಿಧಾನಕ್ಕೆ ಕುಸಿಯುತ್ತದೆ. ಬದಲಾವಣೆಯ ವೇಗ ಕಡಿಮೆಯಾದರೆ ಪ್ರೇರಿತ ವೋಲ್ಟೇಜೂ ಕಡಿಮೆ. ಕಂಡೆನ್ಸರ್ ಪಾಯಿಂಟಿಗೆ ಸಮಾಂತರವಾಗಿ ಕೂತು, ಪಾಯಿಂಟ್ ಸಾಕಷ್ಟು ತೆರೆಯುವವರೆಗೆ ಆ ಕರೆಂಟನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಕಿಡಿ ಪಾಯಿಂಟಿನಲ್ಲಿ ಹುಟ್ಟದೆ ಪ್ಲಗ್ಗಿಗೆ ಹೋಗುತ್ತದೆ. ತೀರಾ ಚಿಕ್ಕ ಕೆಪಾಸಿಟರ್ ಆದರೆ ಪಾಯಿಂಟ್ ಸುಡುತ್ತದೆ, ತೀರಾ ದೊಡ್ಡದಾದರೆ ಕಾಂತಕ್ಷೇತ್ರ ಮತ್ತೆ ನಿಧಾನಕ್ಕೆ ಕುಸಿಯುತ್ತದೆ. ಪರೀಕ್ಷೆಯಲ್ಲಿ ಬರೀ ಸೂತ್ರ ಬರೆದು ಬರುವ ವಿದ್ಯಾರ್ಥಿಗಳು ಈ ಒಂದು ಪ್ಯಾರಾ ಎರಡು ಸಲ ಓದಬೇಕೆಂದು ನನ್ನ ವಿನಂತಿ.

ಪಾಯಿಂಟ್ ಸುಡುತ್ತದೆ ಎಂದೆನಲ್ಲ. ನಾಲ್ಕು ತಿಂಗಳಲ್ಲಿ ಎರಡು ಪಾಯಿಂಟ್ ಸುಟ್ಟಾಗ ಉಸ್ತಾದರು ಅದನ್ನು ಬೆಳಕಿಗೆ ಹಿಡಿದು, "ಇದು ಯಾಕೆ ಇಷ್ಟು ಬೇಗ ಸುಡ್ತಿದೆ? ಕಂಡೆನ್ಸರ್ ನೋಡಬೇಕು" ಎಂದಿದ್ದರು. ಆಗ ಪಕ್ಕದಲ್ಲಿ ನಿಂತಿದ್ದ ನಾನು, "ಅದು ಹೊಸದು ಚಾಚಾ. ರಜೆಯಲ್ಲಿ ನಾನೇ ಹಾಕಿದ್ದು" ಎಂದಿದ್ದೆ. ಅವರು ನಕ್ಕು, "ಬೇಟಿ ಹಾಕಿದ್ದಾ? ಹಾಗಾದ್ರೆ ಬಿಡು" ಎಂದು ಮುಂದಿನ ಕೆಲಸಕ್ಕೆ ಹೋಗಿದ್ದರು. ಕಾರಿನ ತೊಂದರೆ ಶುರುವಾದದ್ದೂ ಆ ರಜೆಯ ಆಮೇಲೆಯೇ. 22 ಸಾಲಿನ ನೋಟ್‌ಬುಕ್ ಬರೆದ ನನಗೆ ಆ ಒಂದು ಸಾಲು ಬರೆಯಬೇಕೆಂದು ಹೊಳೆದಿರಲಿಲ್ಲ.

ನಾನು ಬಿಚ್ಚಿದ್ದ ಹಳೆಯ ಕಂಡೆನ್ಸರ್ ಬಿಸ್ಕತ್ತಿನ ಡಬ್ಬಿಯಲ್ಲೇ ಇತ್ತು. ಅದು ಕೆಟ್ಟಿತ್ತೆಂದು ತೆಗೆದದ್ದೂ ಅಲ್ಲ. ಪಾಯಿಂಟ್ ಬದಲಿಸುವಾಗ ಕಂಡೆನ್ಸರೂ ಬದಲಿಸುವುದು ರೂಢಿ ಎಂದು ಎಲ್ಲೋ ಓದಿದ್ದೆ. ಇನ್ನೂ ಬಿಸಿಯಿದ್ದ ಕಾರಿನಲ್ಲಿ ಹೊಸದನ್ನು ಬಿಚ್ಚದೆ, ಹಳೆಯದರ ವೈರನ್ನು ಪಾಯಿಂಟಿನ ಟರ್ಮಿನಲ್‌ಗೂ ಮೈಯನ್ನು ಇಂಜಿನ್ನಿಗೂ ಜೋಡಿಸಿದೆ. ಸೆಲ್ಫ್ ಮುಟ್ಟಿದ ಕೂಡಲೇ ಸ್ಟಾರ್ಟ್. ವೈರ್ ತೆಗೆದೆ, ಇಂಜಿನ್ ಕೆಮ್ಮಿ ನಿಂತಿತು. ಜೋಡಿಸಿದೆ, ಮತ್ತೆ ಸ್ಟಾರ್ಟ್. ಮೂರು ಸಲ ಹೀಗೆ ಮಾಡಿದೆ. ಇದರಿಂದ ಇನ್ನೊಂದು ಸಂಗತಿಯೂ ತಿಳಿಯಿತು. ಹೊಸ ಕಂಡೆನ್ಸರ್ ಒಳಗೆ ಶಾರ್ಟ್ ಆಗಿದ್ದರೆ ಪಕ್ಕದಲ್ಲಿ ಇನ್ನೊಂದನ್ನು ಜೋಡಿಸಿ ಪ್ರಯೋಜನವಿರಲಿಲ್ಲ, ಕರೆಂಟ್ ನೇರ ಅರ್ತ್‌ಗೆ ಹೋಗುತ್ತಿತ್ತು. ಜೋಡಿಸಿದ್ದು ಫಲ ಕೊಟ್ಟಿತೆಂದರೆ ಬಿಸಿಯಾದಾಗ ಅದು ಒಳಗೆ ಕಡಿದುಹೋಗುತ್ತಿತ್ತು.

ಕಾಲೇಜಿನ ಲ್ಯಾಬಿನಲ್ಲಿ ಇದನ್ನು ದೃಢಪಡಿಸಿಕೊಂಡೆ. ಕಂಡೆನ್ಸರನ್ನು ಒಣ ಟೆಸ್ಟ್ ಟ್ಯೂಬಿನೊಳಗಿಟ್ಟು, ಟ್ಯೂಬನ್ನು ಬಿಸಿನೀರಿನ ಬೀಕರಿನಲ್ಲಿ ಇಳಿಸಿ, ಮಲ್ಟಿಮೀಟರಿನಲ್ಲಿ ಕೆಪಾಸಿಟೆನ್ಸ್ ಅಳೆದೆ. 30 ಡಿಗ್ರಿಯಲ್ಲಿ 0.23 ಮೈಕ್ರೊಫ್ಯಾರಡ್. 60ರಲ್ಲೂ ಅಷ್ಟೇ. 75 ದಾಟಿದ ಮೇಲೆ ಅಂಕಿ ಕುಣಿಯತೊಡಗಿತು. 82ರ ಹೊತ್ತಿಗೆ ಸೊನ್ನೆಯ ಹತ್ತಿರ. ತಣ್ಣಗಾಗುತ್ತಾ ಬಂದಾಗ 65ರ ಆಸುಪಾಸಿನಲ್ಲಿ ಮತ್ತೆ 0.23, ಏನೂ ಅರಿಯದ ಮಗುವಿನಂತೆ. ಹಳೆಯದು 90 ಡಿಗ್ರಿಯಲ್ಲೂ ಅಲುಗಾಡಲಿಲ್ಲ. ಒಳಗಿನ ಸಂಪರ್ಕ ಬೆಸುಗೆಯಿಲ್ಲದೆ ಬರೀ ಒತ್ತಡದಿಂದ ಕೂತಿದ್ದು, ಬಿಸಿಗೆ ಹಿಗ್ಗಿ ಸಡಿಲವಾಗುತ್ತಿರಬೇಕು.

ಆ ರಾತ್ರಿ ಊಟದ ಹೊತ್ತಿಗೆ ಅಬ್ಬನಿಗೆ ನೋಟ್‌ಬುಕ್ ತೋರಿಸಿದೆ. ಕಂಡೆನ್ಸರ್ ಹಾಕಿದ್ದು ನಾನು, ಉಸ್ತಾದರು ನೋಡಬೇಕೆಂದಾಗ ಬೇಡವೆಂದದ್ದೂ ನಾನು ಎಂದೆ. ಅಬ್ಬ ಪುಟ ತಿರುಗಿಸಿ ತಿರುಗಿಸಿ ನೋಡಿದರು, ಓದಿದರೋ ಇಲ್ಲವೋ ಗೊತ್ತಿಲ್ಲ. "ಅವತ್ತು ಹುಡುಗರೆಲ್ಲ ಇದ್ದರಲ್ಲ" ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದರು.

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, "ಗಾಡಿ ತೆಗಿ" ಎಂದರು. ಗ್ಯಾರೇಜಿನಲ್ಲಿ ಹುಡುಗರೆಲ್ಲ ಬಂದಿದ್ದಾರೆಯೇ ಎಂದು ನೋಡಿಕೊಂಡು, ಅವರ ಮುಂದೆಯೇ, "ಉಸ್ತಾದ್, ನಾನು ಹೇಳಿದ್ದು ತಪ್ಪು" ಎಂದರು. ಉಸ್ತಾದರು ಏನೂ ಹೇಳದೆ ಒಂದು ಸ್ಟೂಲ್ ಎಳೆದು ಒರೆಸಿ ಕೊಟ್ಟರು, ಹುಡುಗನನ್ನು ಚಹಾಕ್ಕೆ ಕಳಿಸಿದರು. ಆಮೇಲೆ ನನ್ನ ಕಡೆ ಕೈ ಚಾಚಿದರು. ಕಂಡೆನ್ಸರ್ ಕೊಟ್ಟೆ. ಅದನ್ನು ಅಂಗೈಯಲ್ಲಿ ಹೊರಳಿಸಿ, "ನೀನು ಹಾಕಿದ್ದು ಅಂತ ನಾನು ನೋಡಲಿಲ್ಲ. ಬೇರೆ ಯಾರು ಹಾಕಿದ್ದರೂ ಬಿಚ್ಚುತ್ತಿದ್ದೆ" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು. ಆಮೇಲೆ ಹೇರ್ ಡ್ರೈಯರಿನ ಕಥೆ ಪೂರ್ತಿ ಕೇಳಿಸಿಕೊಂಡು, ಮೂರೇ ದಿನದಲ್ಲಿ ತಾವೂ ಒಂದು ಹಳೆಯ ಡ್ರೈಯರ್ ಸಂಪಾದಿಸಿ ಗ್ಯಾರೇಜಿನ ಮೊಳೆಗೆ ನೇತುಹಾಕಿದ್ದಾರೆ.

ಆ ಎರಡು ಕಂಡೆನ್ಸರ್‌ಗಳಲ್ಲಿ ಹಳೆಯದು ಮತ್ತೆ ಕಾರಿನಲ್ಲಿದೆ. ಹೊಸದು ನಮ್ಮ ಭೌತಶಾಸ್ತ್ರ ಲ್ಯಾಬಿನ ಮೂರನೆಯ ಕಪಾಟಿನಲ್ಲಿ, ಕೆಂಪು ದಾರ ಕಟ್ಟಿದ ಪೊಟ್ಟಣದಲ್ಲಿದೆ. ಬರುವ ತಿಂಗಳ ಪ್ರಾಕ್ಟಿಕಲ್‌ನಲ್ಲಿ ದ್ವಿತೀಯ ಪಿಯುಸಿಯವರು ನಾಲ್ಕು ನಾಲ್ಕು ಮಂದಿಯ ತಂಡವಾಗಿ ಅದನ್ನು ಅಳೆದು, ಉಷ್ಣತೆ ಮತ್ತು ಕೆಪಾಸಿಟೆನ್ಸ್ ನಡುವಿನ ಗ್ರಾಫ್ ಬರೆಯಲಿದ್ದಾರೆ. ಏರುವಾಗಿನ ಗೆರೆ, ಇಳಿಯುವಾಗಿನ ಗೆರೆ ಎರಡೂ ಬೇಕು. ಟೆಸ್ಟ್ ಟ್ಯೂಬಿನೊಳಗೆ ನೀರು ಹೋಗದಂತೆ ನೋಡಿಕೊಳ್ಳಿ. ಬಿಸಿನೀರಿನ ಕೆಟಲ್ ನಾನು ತರುತ್ತೇನೆ.